ಕೊನೇ ಸೊಪ್ಪು

ರಾವಂದೂರಿನಿಂದ ನನ್ನ ಷಡ್ಡಕರ ಊರಿಗೆ ಹೋಗುವ ಅಡ್ಡದಾರಿಯಲ್ಲಿ, ಆಲದ ಮರದ ಬುಡಕ್ಕೆ ಒಂದು ಮೆಟ್ಟಿಲುಬಾವಿ ಇದೆ. ನೀರು ಬತ್ತಿ ಎಷ್ಟೋ ವರ್ಷವಾಯಿತು. ಹೋದ ವರ್ಷ ಕಾರ್ತಿಕದ ಒಂದು ರಾತ್ರಿ, ಹತ್ತು ದಾಟಿತ್ತು, ಷಡ್ಡಕರ ತಮ್ಮ ನಂಜುಂಡೇಶ ಆ ದಾರಿಯಲ್ಲಿ ಒಬ್ಬನೇ ನಡೆದು ಬರುತ್ತಿದ್ದ. ಬಾವಿಯ ಹತ್ತಿರ ಶಬ್ದ ಕೇಳಿಸಿತು.

ಚರ... ಚರ... ಚರ...

ಮಳೆಯಲ್ಲ. ಮೇಲೆ ತುಂಬ ನಕ್ಷತ್ರ. ರೇಷ್ಮೆ ಸಾಕುವವರ ಮನೆಯಲ್ಲಿ ಒಂದು ರಾತ್ರಿ ಮಲಗಿದ್ದವರಿಗೂ ಗೊತ್ತು, ಸಾವಿರಾರು ಹುಳು ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ಮೇಯುವ ಶಬ್ದ ಅದು.

ನಂಜುಂಡೇಶ ಅಲ್ಲೇ ನಿಂತ. ಮೂರು ದಿನದ ಹಿಂದೆ ಅವನ ಹುಳುಗಳಿಗೆ ಸಪ್ಪೆ ರೋಗ ತಗುಲಿತ್ತು. ರೋಗದ ಹುಳುವನ್ನು ಗುಂಡಿಗೆ ಹಾಕಿ, ಸುಣ್ಣ ಎರಚಿ ಮುಚ್ಚಬೇಕು. ಮುಚ್ಚುವ ಮೊದಲು ಕೊನೆಯದಾಗಿ ಒಂದು ಹಿಡಿ ಸೊಪ್ಪು ಹಾಕಬೇಕು, ಅದು ಅವರ ಮನೆಯ ಪದ್ಧತಿ. ಇವನು ಎರಡೂ ಮಾಡದೆ, ಮಂಕರಿಗಟ್ಟಲೆ ತಂದು ಇದೇ ಬಾವಿಗೆ ಸುರಿದಿದ್ದ.

"ಕೊನೇ ಸೊಪ್ಪು ಹಾಕ್ದೇನ್ಲಾ?" ಎಂದು ತಾಯಿ ಕೆಂಪಾಜಮ್ಮ ಕೇಳಿದ್ದರು.

"ಸಾಯೋವಕ್ಕೆ ಯಾಕವ್ವ ಊಟ? ಎಲೆ ಹಾಸಿ ಪಾಯಸ ಬಡಿಸ್ಲಾ?"

"ಅಸ್ಕೊಂಡು ಓದವು ಸುಮ್ಕಿರಕಿಲ್ಲ ಕಣ್ಲಾ."

ಈಗ ಅವನು ಮೊಬೈಲ್ ಬೆಳಕು ಹಿಡಿದು ನಾಲ್ಕು ಮೆಟ್ಟಿಲು ಇಳಿದ. ತಳದಲ್ಲಿ ಒಂದು ಹುಳುವೂ ಇಲ್ಲ. ಸತ್ತದ್ದೂ ಇಲ್ಲ... ಶಬ್ದ ಮಾತ್ರ ಇದೆ. ಮೊದಲು ಕೆಳಗೆ. ಆಮೇಲೆ ಹಿಂದೆ. ಆಮೇಲೆ ಅವನ ಕಾಲಡಿಯಲ್ಲೇ. ಕಲ್ಲು ಜಾರಿತು. ಲಟಕ್ ಎಂದು ಮುರಿದದ್ದು ಎಡಗಾಲಿನ ಮೂಳೆ.

ಬೆಳಿಗ್ಗೆ ದಾರಿಹೋಕರು ಕಂಡು ಎತ್ತಿ ತಂದರು. ಮೂಳೆ ಪುಡಿಯಾಗಿ, ಕೀವು ತುಂಬಿ, ಎರಡು ಸಲ ಆಪರೇಷನ್ ಮಾಡಿ ಕೆಟ್ಟದ್ದನ್ನು ತೆಗೆದ ಮೇಲೆ ನಡುವೆ ಎರಡು ಬೆರಳಗಲ ಖಾಲಿ ಉಳಿಯಿತು. ಮೈಸೂರಿನ ಒಂದು ಆಸ್ಪತ್ರೆಯ ಡಾಕ್ಟರ್ ಉಮಾಶಂಕರ ಹೇಳಿದರು: "ಹೊಸದೊಂದು ಪ್ರಯೋಗ ನಡೀತಿದೆ. ಒಪ್ಪಿದ್ರೆ ಮಾಡೋಣ. ಇದೂ ಹಿಡೀದಿದ್ರೆ ಕಾಲು ತೆಗೀಬೇಕಾಗುತ್ತೆ." ಪ್ರಯೋಗ ಏನೆಂದರೆ, ಗೂಡಿನ ರೇಷ್ಮೆಯ ಅಂಟು ತೆಗೆದು, ನಾರು ಕರಗಿಸಿ, ಸ್ಪಂಜಿನಂಥ ತುಂಡು ಮಾಡಿ ಮೂಳೆಯ ಖಾಲಿಯಲ್ಲಿ ಕೂರಿಸಿ, ಕಂಬಿ ಹಾಕಿ ಬಿಗಿಯುವುದು. ಚಪ್ಪರಕ್ಕೆ ಅವರೆ ಬಳ್ಳಿ ಹತ್ತಿದ ಹಾಗೆ ಹೊಸ ಮೂಳೆ ಅದರ ಮೇಲೆ ಹತ್ತಿ ಬೆಳೆಯುತ್ತದೆ, ರೇಷ್ಮೆ ನಿಧಾನಕ್ಕೆ ಕರಗಿಹೋಗುತ್ತದೆ. ಎಂಥ ಸೊಗಸಾದ ವಿಜ್ಞಾನ ನೋಡಿ! ನಾನೇ ಓದಿ ಅವನಿಗೆ ವಿವರಿಸಿದೆ, ಧೈರ್ಯ ತುಂಬಿದೆ.

ರೇಷ್ಮೆ ಎಂಬ ಮಾತು ಕೇಳಿ ಅವನು ಬಿಳಿಚಿಕೊಂಡ. ಆದರೂ ಕಾಲು ಬೇಕಲ್ಲ... ಸಹಿ ಹಾಕಿದ.

ಆಪರೇಷನ್ ಆಗಿ ಮನೆಗೆ ಬಂದ ಐದನೆಯ ರಾತ್ರಿ ಅವನು ತಾಯಿಯನ್ನು ಎಬ್ಬಿಸಿದ. "ಅವ್ವಾ... ಕಾಲಿಗೆ ಕಿವಿ ಕೊಡು."

ಕೆಂಪಾಜಮ್ಮ ಬಗ್ಗಿದರು. ಚರ... ಚರ... ಬಹಳ ಸಣ್ಣಗೆ. ಕಾಲಿನೊಳಗಿಂದ.

"ಅವ್ವಾ, ಮೂಳೆ ತಿಂತಾವೇನವ್ವಾ?"

ಆಕೆ ತೋಟಕ್ಕೆ ಹೋಗಿ ಎಳೆಸೊಪ್ಪು ಕೊಯ್ದು ತಂದು, ಸಣ್ಣಗೆ ಹೆಚ್ಚಿ, ಮಂಚದಡಿ ಮಂಕರಿಯಲ್ಲಿಟ್ಟರು. ಬೆಳಿಗ್ಗೆ ಎಲೆಯ ನರ ಮಾತ್ರ ಉಳಿದಿತ್ತು.

ಅಂದಿನಿಂದ ದಿನಾ ಸೊಪ್ಪು. ನಡುನಡುವೆ ಶಬ್ದ ಒಂದು ದಿನ ನಿಲ್ಲುತ್ತಿತ್ತು, ಗೂಡು ಕಟ್ಟುವ ಮೊದಲು ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಆಗ ಮೇವು ನಿಲ್ಲಿಸುತ್ತದಲ್ಲ, ಹಾಗೆ. ಆಕೆ ಬೆರಳು ಮಡಚಿ ಎಣಿಸಿದರು. ಒಂದು... ಎರಡು... ಮೂರು... ನಾಲ್ಕು. ಆಮೇಲೆ ಏಳು ರಾತ್ರಿ ಮಂಚವೇ ನಡುಗುವ ಹಾಗೆ ಮೇಯ್ದವು. ಎಂಟನೆಯ ರಾತ್ರಿ ಸದ್ದಿಲ್ಲ.

"ಅಣ್ಣಾದ್ವು," ಪಿಸುಗುಟ್ಟಿದರು ಕೆಂಪಾಜಮ್ಮ; ಮೇವು ಮುಗಿಸಿ ಮಾಗಿದ ಹುಳುವನ್ನು ಹಣ್ಣಾಯಿತು ಅನ್ನುತ್ತಾರೆ. "ಇನ್ನು ಗೂಡು ಕಟ್ತಾವೆ. ಅಲ್ಲಾಡ್‌ಬ್ಯಾಡ ಮಗ."

ಮೂರು ರಾತ್ರಿ ಅವನು ಹಲ್ಲು ಕಚ್ಚಿ ಮಲಗಿದ. ಮೂಳೆಯ ಸುತ್ತ ಏನೋ ಸುತ್ತುತ್ತಿತ್ತು... ನಿಧಾನವಾಗಿ... ಎಡಕ್ಕೆ, ಬಲಕ್ಕೆ, ಎಡಕ್ಕೆ.

ನಾಲ್ಕು ತಿಂಗಳಿಗೆ ಎಕ್ಸ್‌ರೇ ತೆಗೆದರು. ಡಾಕ್ಟರು ಕುರ್ಚಿಯಿಂದ ಎದ್ದೇ ನಿಂತರಂತೆ. ಖಾಲಿ ಜಾಗ ಪೂರ್ತಿ ಮೂಳೆ. ಕಾಲು ಉಳಿದಿತ್ತು. ಈಗ ನಂಜುಂಡೇಶ ತಾನೇ ಸೊಪ್ಪು ಹೊತ್ತು ತರುತ್ತಾನೆ. ಹುಳು ಸಾಯಲಿ ಬದುಕಲಿ, ಮೊದಲು ಸೊಪ್ಪು ಹಾಕುತ್ತಾನೆ.

ಒಂದು ವಿಷಯ ಉಳಿಯಿತು. ಆ ಹೊಸ ಮೂಳೆಯ ಸರಿಯಾಗಿ ನಡುವೆ ದುಂಡಗಿನ ಒಂದು ತೂತಿದೆ. "ಕಂಬಿ ಹಾಕಿದ್ ತೂತಾ ಸಾರ್?" ಎಂದು ಇವನು ಕೇಳಿದ್ದಕ್ಕೆ ಡಾಕ್ಟರು, "ಕಂಬಿ ಹಾಕಿದ್ದು ಮೇಲೆ, ಕೆಳಗೆ. ನಡುವೆ ನಾವೇನೂ ಹಾಕಿಲ್ಲ" ಅಂದರು.

ಕತೆ ಕಟ್ಟುತ್ತಿದ್ದೇನೆ ಅನ್ನಬೇಡಿ. ಆ ಫಿಲಂ ನಾನೇ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ದೇನೆ. ಚಿಟ್ಟೆ ಹೊರಬಿದ್ದ ಗೂಡನ್ನು ಕಂಡಿದ್ದೀರಲ್ಲ? ತೂತು ಅಷ್ಟೇ ಅಗಲ. ಒಳಗಿನಿಂದ ಆದದ್ದು.