ಬೇರೆ ಯಾರೋ ತೆರೆದಿದ್ದ ಮೇಲ್

ಮುಳಬಾಗಿಲು ನಿಲ್ದಾಣದಲ್ಲಿ ಬೈರಕೂರಿನ ಬಸ್ಸಿಗೆ ಕಾಯುತ್ತಿದ್ದ ವೆಂಕಟರತ್ನಮ್ಮನಿಗೆ ಕಂಪ್ಯೂಟರಿನ ಗಂಧವೂ ಇರಲಿಲ್ಲ. ಆದರೆ ಪಕ್ಕದಲ್ಲಿ ನಿಂತಿದ್ದ ಆಫೀಸು ಹುಡುಗಿಯರ ಮಾತಿನಲ್ಲಿ ಹೊಟ್ಟೆಕಿಚ್ಚಿನ ವಾಸನೆ ಚೆನ್ನಾಗಿಯೇ ಬಡಿಯಿತು.

“ನನ್ ಮೇಲ್ ಕೆಟ್ಟಾಗ ಕಂಪ್ಯೂಟರ್ ರಿಪೇರಿ ಮಾಡೋ ಮುಕುಂದ್ ಫೋನಲ್ಲೇ ಹೇಳ್ಕೊಟ್ರು. ನಿಂದು ಕೆಟ್ರೆ ಕೋಲಾರದಿಂದ ಓಡ್ಬಂದ್ರಲ್ಲ ಮೇಧಾ.”

“ನಂದು ಓಪನ್ನೇ ಆಗ್ತಿರ್ಲಿಲ್ಲ ಕಣೇ ರಂಜಿತಾ. ಈ ಫೈಲನ್ನ ಬೇರೆ ಯಾರೋ ಬಳಸ್ತಿದ್ದಾರೆ ಅಂತಲೇ ಬರ್ತಿತ್ತು.”

“ಅದಕ್ಕೆ ಮಧ್ಯಾಹ್ನವೆಲ್ಲಾ ನಿನ್ ಪಕ್ಕ ಕೂತಿರ್ಬೇಕಾ?”

“ಹುಡುಕ್ಬೇಕಲ್ಲ. ಕೊನೆಗೆ ನೋಡಿದ್ರೆ, ನನ್ ಮೇಲ್‌ಗಳೆಲ್ಲಾ ಇರೋ ಆ ಫೈಲು ಒಳಗಿನ ರೂಮಿನ ಕಂಪ್ಯೂಟರಲ್ಲೂ ತೆರೆದೇ ಇತ್ತು.”

ರಂಜಿತಾ ದುಪಟ್ಟಾ ಸರಿಮಾಡಿಕೊಂಡಳು. “ಯಾರು ತೆರೆದಿದ್ರಂತೆ?”

“ಅಲ್ಲಿ ಕೂರೋಳು ನೀನೊಬ್ಳೇ ಅಲ್ವಾ. ಯಾರು ಅಂತ ಮುಕುಂದ್ ಕೇಳಿದ್ರು. ನಾನೇ ತೆರೆದು ಮರ್ತಿದ್ದೆ ಅಂದ್ಬಿಟ್ಟೆ.”

ರಂಜಿತಾ ಬಸ್ಸು ಬರುವ ದಾರಿಯತ್ತ ನೋಡಿದಳು.

“ಅದ್ರಲ್ಲಿ ಮುಕುಂದ್ ನಿನಗೆ ಬರೆದಿದ್ದು ಒಂದೂ ಇರ್ಲಿಲ್ಲ,” ಎಂದಳು ರಂಜಿತಾ, ಜೀವಕ್ಕೆ ಸಮಾಧಾನವಾದವಳಂತೆ.

“ಹೇಗಿರತ್ತೆ? ಅವರು ದಿನಾ ಸಂಜೆ ನಮ್ ಮನೆಗೇ ಫೋನ್ ಮಾಡ್ತಾರೆ.”

ಅಷ್ಟರಲ್ಲಿ ಶ್ರೀನಿವಾಸಪುರದ ಬಸ್ಸು ಬಂತು. ಇಬ್ಬರೂ ಹತ್ತಿದರು. ಮೇಧಾಳ ಪಕ್ಕದ ಸೀಟು ಖಾಲಿಯಿದ್ದರೂ ರಂಜಿತಾ ಕಂಬಿ ಹಿಡಿದು ನಿಂತೇ ಹೋದಳು.