ಕಾರಣದ ಖಾನೆಯಲ್ಲಿ ಬಿಸಿಲು

ಸಭೆಗೆ ಬಂದ ಹಿರಿಯರಿಗೆ, ತಾಯಂದಿರಿಗೆ, ಮುಂದೆ ಕುಳಿತಿರುವ ಕಿಷ್ಟಮ್ಮಕ್ಕನ ಮಗಳು ರಜಿತಾಗೆ — ಶರಣು. ನಾನು ಮಾಳಿಂಗಪ್ಪ. ಮಕ್ತಲ್ ಕಡೆಯ ನಮ್ಮ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಕಿಷ್ಟಮ್ಮನವರ ಜೊತೆ ಹದಿನಾಲ್ಕು ವರ್ಷ ಹುಟ್ಟು-ಸಾವಿನ ದಫ್ತರ್ ಬರೆದವನು.

ಕಣ್ಣು ಮುಚ್ಚಿದರೆ ಅಕ್ಕ ಈಗಲೂ ನಡೆದು ಬರುತ್ತಾರೆ — ದೂರದ ಬಿಸಿಲುಗುದುರೆಯಲ್ಲಿ ಮೊದಲು ಬಿಳಿ ಸೀರೆ, ಆಮೇಲೆ ಕೊಡೆ, ಆಮೇಲೆ ನಗು. ಕಾಲು ನೆಲಕ್ಕೆ ತಾಗುವುದೇ ಇಲ್ಲ. ಜೂರಾಲ ಅಣೆಕಟ್ಟಿನ ನೀರೆಲ್ಲ ಎದ್ದು ಅವರ ಹಿಂದೆಯೇ ಬರುತ್ತಿದೆ ಅನ್ನಿಸುತ್ತದೆ.

ತೆಲಂಗಾಣ ರಾಜ್ಯವಾದ ಮರುವರ್ಷದ ಬೇಸಿಗೆ. ನೆನಪಿದೆಯಲ್ಲ — ಕುರಿ ಕಾಯುವ ಬೀರಯ್ಯ ಅಡವಿಯಲ್ಲಿ ಬಿದ್ದ, ಮೈಯೆಲ್ಲ ಅದುರಿತು. ದೇವರು ಬೀರಪ್ಪ ಅವನ ಮೈಮೇಲೆ ಬಂದನೆಂದು ನಾವೆಲ್ಲ ಭಂಡಾರ ಎರಚಿ, ಕಂಬಳಿ ಹೊದಿಸಿ, ಕೈಮುಗಿದು ನಿಂತೆವು. ನಿಂತೇ ಇದ್ದೆವು! ಅಕ್ಕ ಓಡಿ ಬಂದರು. "ದೇವ್ರು ಆಮ್ಯಾಲ ಬರ್ಲಿ, ಮೊದ್ಲು ಕಂಬಳಿ ತಗೀರಿ!" ಅದೇ ಕಂಬಳಿಯನ್ನು ಕುರಿಗಳು ನೀರು ಕುಡಿಯುವ ತೊಟ್ಟಿಯಲ್ಲಿ ಅದ್ದಿ ಅವನ ಮೇಲೆ ಹರಡಿದರು, ಸೆರಗಿನಿಂದ ಗಾಳಿ ಹಾಕಿದರು. ಬೀರಯ್ಯ ಇಲ್ಲೇ ಇದ್ದಾನೆ, ನೋಡಿ — ಆ ಕಂಬದ ಹತ್ತಿರ.

ಬಿಸಿಲಿಗೆ ಸತ್ತವರಿಗೆಲ್ಲ ಅಲ್ಲಿಯವರೆಗೆ ನಾನು 'ಎದೆನೋವು' ಎಂದೇ ಬರೆಯುತ್ತಿದ್ದೆ. ಆ ವಾರ ತೀರಿಹೋದ ಇಬ್ಬರ ಹೆಸರಿನ ಮುಂದೆ ಅಕ್ಕ 'ಬಿಸಿಲು' ಎಂದು ಬರೆದರು. ಬಿಸಿಲು ರೋಗವಲ್ಲ ಎಂದು ಮೇಲಿನವರು ತಿರುಗಿ ಕಳಿಸಿದರು. ಮತ್ತೆ ಬರೆದರು. ಮತ್ತೆ ತಿರುಗಿ ಬಂತು.

"ಮಾಳಿಂಗಣ್ಣ, ಭೂಮಿನೇ ಕಾದೈತಿ ಅಂತ ದೊಡ್ಡೋರು ಅಂತಾರ. ಇಲ್ಲಿ ಸತ್ತೋರ್ನ ನಾವು ಬರೀಲಿಲ್ಲಂದ್ರ ಅವ್ರಿಗೆ ಹೆಂಗ ತಿಳೀತೈತಿ?"

ಹಾಗೆ ಬರೆದೂ ಬರೆದೂ ನಾಲ್ಕನೇ ಬೇಸಿಗೆಗೆ ಮೇಲಿನಿಂದ ಹುಕುಂ ಬಂತು. ಕೂಲಿ ಕೆಲಸ ಹನ್ನೊಂದಕ್ಕೆ ಬಂದ್ — ಕೆಲಸದ ಜಾಗದಲ್ಲಿ ನೆರಳು, ಉಪ್ಪು-ಸಕ್ಕರೆ ನೀರು. ಆ ದಿನ ಅಕ್ಕ ನಮಗೆಲ್ಲ ಚಹಾ ಕುಡಿಸಿದರು.

ಹೋದ ವಾರ ಜೂರಾಲದ ದಾರಿಯಲ್ಲಿ ಆ ಉಪ್ಪು-ಸಕ್ಕರೆಯ ಪೊಟ್ಟಣಗಳನ್ನು ಹಂಚಿ ಬರುವಾಗ ಅಕ್ಕನೇ ಬಿದ್ದರು. ಬೀರಯ್ಯನೇ ಕಂಬಳಿ ಅದ್ದಿ ಹೊದಿಸಿದ. ತಡವಾಗಿತ್ತು. ದಫ್ತರಿನಲ್ಲಿ ಈ ಕೈ — ಈ ನನ್ನ ಕೈ — ಹಳೆಯ ರೂಢಿಯಂತೆ 'ಎದೆನೋವು' ಎಂದು ಬರೆದುಬಿಟ್ಟಿತು. ರಜಿತಾ ಓದಿ ಕೇಳಿದಳು: "ಅವ್ವನ್ನೂ ಮುಚ್ಚಿಟ್ರೇನು, ಕಾಕಾ?"

ನಾಚಿಕೆಯಾಯಿತು. ಈಗಲೂ ಆಗುತ್ತಿದೆ. ಇಂದು ಬೆಳಿಗ್ಗೆ ತಿದ್ದುಪಡಿ ಅರ್ಜಿ ಕಳಿಸಿದ್ದೇನೆ. ಕಾರಣ — ಬಿಸಿಲು. ತಿರುಗಿ ಬಂದರೆ ಮತ್ತೆ ಬರೆಯುತ್ತೇನೆ.

ಈಗ ಎಲ್ಲರೂ ಎದ್ದು ಎರಡು ನಿಮಿಷ ಅಕ್ಕನಿಗಾಗಿ ಮೌನವಾಗಿ ನಿಲ್ಲೋಣ. ತಡೀರಿ — ಅಲ್ಲಿ ಬಿಸಿಲಾಗ ಇದ್ದೋರು ಮೊದ್ಲು ನೆರಳಿಗೆ ಬರ್ರಿ. ಅಕ್ಕ ನೋಡಾಕತ್ಯಾರ.