ಬಾಗಿಲಿಲ್ಲದ ಮನೆಯ ಕಾವಲು

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಉಳ್ಳವನೇ, ಬುದ್ಧಿಯೊಂದನ್ನು ಬಿಟ್ಟು ಎಲ್ಲ ಇತ್ತು. ಗಂಡ ಹೆಂಡತಿಗೆ ಹೊಂದಿಕೆಯಾಗಲಿಲ್ಲ, ಬೇರೆಯಾದರು. ಆಗಲಿ, ಅದನ್ನು ನಾನು ಕೆದಕುವುದಿಲ್ಲ. ಆದರೆ ಮನೆ ಇಬ್ಬರ ಹೆಸರಿನಲ್ಲಿತ್ತು, ನೋಡಿ! ಮಾರಿ ಹಂಚಿಕೊಂಡರೆ ಅವಳಿಗೊಂದು ಸೂರು, ಇವನಿಗೆ ಬೇರೆ ಊರಿನಲ್ಲಿ ಹೊಸ ಅಂಗಡಿ. ಜನರ ಬಾಯಿಂದ ತಪ್ಪಿಸಿಕೊಂಡು ಊರು ಬಿಟ್ಟುಬಿಡಬೇಕೆಂದು ಅವನ ಜೀವ ಹಾತೊರೆಯುತ್ತಿತ್ತು.

ಕೊಳ್ಳಲು ಒಬ್ಬ ಮೇಷ್ಟ್ರು ಬಂದರು. ಮನೆ ಒಪ್ಪಿದರು. ತಲೆಬಾಗಿಲ ಮೇಲೆ ಕೈಯಾಡಿಸಿ, "ಎಂಥಾ ಬಾಗಿಲು ಸ್ವಾಮಿ!" ಎಂದರು. ಅಲ್ಲಿಗೆ ಕೆಲಸ ಕೆಟ್ಟಿತು. ಆ ಕಡೆ ಹೊಸಮನೆಯ ತಲೆಬಾಗಿಲನ್ನು ಹೆಣ್ಣಿನ ತವರಿನವರೇ ಮಾಡಿಸಿಕೊಡುವುದು ಪದ್ಧತಿ. ಹೆಂಡತಿ ಗಂಡನ ಮುಖ ನೋಡಿ, "ಇದು ನಮ್ಮಪ್ಪ ನಿಂತು ಕೆತ್ತಿಸಿದ್ದು. ಹೌದು, ನಿಮ್ಮಪ್ಪ ಮಾಡಿಸಿದ್ದು ಅಂತ ನೀವು ಬಾಯಿಬಿಟ್ಟು ಒಂದು ಮಾತು ಹೇಳಿ ಸಾಕು, ಮನೆ ಜೊತೇಲೇ ಹೋಗಲಿ" ಎಂದಳು.

ಒಂದು ಮಾತು! ಕಾಸು ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಇವನ ನಾಲಿಗೆ ಹೊರಳಿತೇ? "ನಿಮ್ಮಪ್ಪನ ಹಲಗೆ ಯಾರಿಗೆ ಬೇಕು? ಕಿತ್ಕೊಂಡು ಹೋಗು!" ಎಂದ. ಅವಳೇನು ಕಡಿಮೆಯೇ? ಮರುದಿನವೇ ಬಡಗಿಯನ್ನು ಕರೆತಂದು ಕಿತ್ತುಕೊಂಡೇ ಹೋದಳು. ಮೇಷ್ಟ್ರು ಬೋಳು ಬಾಗಿಲವಾಡ ನೋಡಿದರು. "ಹೆಣ್ಣುಮಗಳ ಕಣ್ಣೀರು ಬಿದ್ದ ಹೊಸ್ತಿಲು ನಮಗೆ ಬೇಡಪ್ಪಾ" ಎಂದು ಕೈಮುಗಿದು ಹೊರಟುಹೋದರು.

ಈಗ ಕೇಳಿ. ಅವಳ ಬಾಡಿಗೆ ಕೋಣೆಯಲ್ಲಿ ಇರುವ ಒಂದೇ ಕಿಟಕಿಗೆ ಆ ಬಾಗಿಲು ಅಡ್ಡ ನಿಂತಿದೆ, ಹಗಲಲ್ಲೂ ದೀಪ ಹಾಕಬೇಕು. ಇವನು? ಊರು ಬಿಡಬೇಕೆಂದವನು ಬೀದಿ ತುದಿಗೂ ಹೋಗಲಾರ. ಹೋದರೆ ನಾಯಿ ನುಗ್ಗುತ್ತದೆ, ದನ ನುಗ್ಗುತ್ತದೆ. ಕೋಲು ಹಿಡಿದು ಹೊಸ್ತಿಲ ಬಳಿ ಕೂತಿದ್ದಾನೆ. ಬೇರೆ ಊರಿನಲ್ಲಿ ಗೊತ್ತುಮಾಡಿದ್ದ ಅಂಗಡಿ ಇನ್ನೊಬ್ಬನ ಪಾಲಾಯಿತು. ಬೇರೆ ಬಾಗಿಲು ಹಾಕಿಸಬಾರದೇನಪ್ಪಾ ಎಂದರೆ, "ಹಾಕಿಸಿದ್ರೆ ಅವಳು ಗೆದ್ದ ಹಾಗಾಗುತ್ತೆ" ಅನ್ನುತ್ತಾನೆ! ಏನು ಹೇಳೋಣ ಇಂಥವನಿಗೆ?

ನಗುತ್ತೀರಿ. ನಗಿ, ನಗಿ. ನನ್ನ ಒಂದು ಕಣ್ಣು ಹೋದರೂ ಸರಿ, ಅವರ ಎರಡೂ ಕಣ್ಣು ಹೋಗಲಿ ಎಂದು ಕೂತವರು ಈ ಗುಡಿಯಲ್ಲಿ ಕಥೆ ಕೇಳುತ್ತಿರುವವರಲ್ಲಿ ಯಾರೂ ಇಲ್ಲವೇ? ದಾಯಾದಿಯ ಪತ್ರಕ್ಕೆ ರುಜು ಹಾಕದೆ ಸತಾಯಿಸುವವರಿಲ್ಲವೇ? ಬಿಟ್ಟುಹೋದ ಸೊಸೆಯ ತವರಿನ ಪಾತ್ರೆಯನ್ನು ಅಟ್ಟದಲ್ಲಿ ಬಚ್ಚಿಟ್ಟವರಿಲ್ಲವೇ? ನನಗೆ ಹೇಳಿ ಹೇಳಿ ಸಾಕಾಗಿದೆ. ಕೂಡಿ ಬಾಳಲು ಆಗಲಿಲ್ಲ, ಹೋಗಲಿ. ಬೇರೆಯಾಗುವುದಕ್ಕಾದರೂ ಒಂದು ಮರ್ಯಾದೆ ಬೇಡವೇ?

ಪ್ರಸಾದ ತೆಗೆದುಕೊಂಡು ನೆಟ್ಟಗೆ ಮನೆಗೆ ಹೋಗಿ. ಆ ಪಾತ್ರೆ ಇಳಿಸಿ, ತೊಳೆದು, ಅವಳಿಗೆ ಮುಟ್ಟಿಸಿ. ಹಾಕಬೇಕಾದ ರುಜು ಹಾಕಿ. "ಹೌದಮ್ಮ, ಇದು ನಿಮ್ಮಪ್ಪ ಕೊಟ್ಟದ್ದು" ಎಂದು ಬಾಯಿಬಿಟ್ಟು ಹೇಳಿ. ಆಗುವುದಿಲ್ಲವೇ? ಹಾಗಾದರೆ ಹೋಗುವ ದಾರಿಯಲ್ಲಿ ಒಂದು ಒಳ್ಳೆಯ ಕೋಲು ನೋಡಿಕೊಳ್ಳಿ. ಜೀವನಪೂರ್ತಿ ಹೊಸ್ತಿಲು ಕಾಯುವುದಕ್ಕೆ ಬೇಕಾಗುತ್ತದೆ.